‘ಇಲ್ಲ’ ಎಂದು ಬರೆಯುವ ಮೊದಲು: ಕಣ್ಣಿನ ಪ್ರತಿವರ್ತನೆಗಳಿಂದ ಮಿದುಳುಕಾಂಡದ ಸ್ಥಿತಿ ತಿಳಿಯುವ ಬಗೆ

ಟಾರ್ಚು ಕೈಗೆತ್ತಿಕೊಳ್ಳುವ ಮೊದಲು ರೋಗಿಯನ್ನು ಹೆಸರು ಹಿಡಿದು ಕರೆಯಬೇಕು, ಅದೂ ಅವರ ಮನೆಮಾತಿನಲ್ಲಿ. ಕಾಸರಗೋಡಿನ ಕಡೆ ಕೆಲಸ ಮಾಡುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು. ನಮ್ಮಲ್ಲಿ ಒಂದೇ ವಾರ್ಡಿನ ಹತ್ತು ಮಂಚಗಳಲ್ಲಿ ಮಲಯಾಳ, ತುಳು, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಕರಾಡ ಮರಾಠಿ ಎಲ್ಲವೂ ಇರುತ್ತವೆ. ಚಾರ್ಟಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಸಾಲು: ‘ಕರೆದರೆ ಪ್ರತಿಕ್ರಿಯೆ ಇಲ್ಲ’. ಯಾವ ಭಾಷೆಯಲ್ಲಿ ಕರೆದರು, ಏನು ಮಾಡಲು ಹೇಳಿದರು ಎಂಬುದನ್ನು ಯಾರೂ ಬರೆಯುವುದಿಲ್ಲ.

ನಾನು ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿದ್ದ ಮೊದಲ ವರ್ಷಗಳಲ್ಲಿ ಮುಳ್ಳೇರಿಯದ ಕಡೆಯಿಂದ ಒಬ್ಬ ಹೆಂಗಸನ್ನು ಕರೆತಂದಿದ್ದರು. ಪಾರ್ಶ್ವವಾಯು. ಕೈಕಾಲು ಅಲುಗಾಡುತ್ತಿರಲಿಲ್ಲ, ಮಾತಿಲ್ಲ. ‘ಕೈ ಎತ್ತಿ’ ಎಂದು ಮಲಯಾಳದಲ್ಲಿ ಹೇಳಿದೆವು, ಕನ್ನಡದಲ್ಲಿ ಹೇಳಿದೆವು. ಒಂದೂವರೆ ದಿನ ಚಾರ್ಟಿನಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆದವರಲ್ಲಿ ನಾನೂ ಒಬ್ಬಳು. ಮರುದಿನ ಸಂಜೆ ಮಗಳು ಒಳಗೆ ಬಂದು, ತಲೆದೆಸೆಯಲ್ಲಿ ನಿಂತು, ಬಗ್ಗಿ, ‘ಅಮ್ಮಾ, ಎನನ್ ತೂಲೆ’ ಅಂದಳು. ನನ್ನನ್ನು ನೋಡಿ ಎಂದಷ್ಟೇ. ಆ ತಾಯಿಯ ಎರಡೂ ಕಣ್ಣುಗುಡ್ಡೆ ನಿಧಾನಕ್ಕೆ ಮೇಲಕ್ಕೆ, ಮಗಳು ನಿಂತ ಕಡೆಗೆ ಸರಿದವು. ‘ಕೆಳಗೆ ನೋಡಲು ಹೇಳಿ’ ಎಂದು ನಾನು ಹೇಳಿದೆ. ‘ತಿರ್ತ್ ತೂಲೆ ಅಮ್ಮಾ.’ ಕಣ್ಣು ಕೆಳಗಿಳಿಯಿತು.

ಮಿದುಳುಕಾಂಡದಲ್ಲಿ ಪಾನ್ಸ್ ಎಂಬ ಭಾಗದ ಮುಂಬದಿಗೆ ಪೆಟ್ಟಾದರೆ ಹೀಗಾಗುತ್ತದೆ. ಕೈಕಾಲು, ನಾಲಿಗೆ, ಕಣ್ಣನ್ನು ಅಕ್ಕಪಕ್ಕಕ್ಕೆ ಹೊರಳಿಸುವ ಶಕ್ತಿ ಎಲ್ಲ ಹೋಗಿರುತ್ತದೆ. ಎಚ್ಚರ ಉಳಿದಿರುತ್ತದೆ, ಕಿವಿ ಕೇಳುತ್ತಿರುತ್ತದೆ, ಕಣ್ಣನ್ನು ಮೇಲೆ ಕೆಳಗೆ ಆಡಿಸಲು ಮತ್ತು ರೆಪ್ಪೆ ಬಡಿಯಲು ಮಾತ್ರ ಬರುತ್ತದೆ. ವೈದ್ಯರು ಇದನ್ನು ಲಾಕ್ಡ್-ಇನ್ ಅನ್ನುತ್ತಾರೆ. ಮಾಡಲಾಗದ ಕೆಲಸವನ್ನೇ ಮಾಡಿ ಎಂದು ನಾವು ಒಂದೂವರೆ ದಿನ ಕೇಳಿದ್ದೆವು, ಆ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದರು. ಅಂದಿನಿಂದ ನಾನು ಯಾರ ಬಗ್ಗೆಯೂ ‘ಇಲ್ಲ’ ಎಂದು ಬರೆಯುವ ಮೊದಲು, ಕೇಳಿದ್ದು ಸರಿಯಾಗಿತ್ತೇ ಎಂದು ನೋಡಿಕೊಳ್ಳುತ್ತೇನೆ. ಈ ಬರಹ ಇರುವುದೂ ಅದಕ್ಕೇ: ನರ್ಸಿಂಗ್ ಓದುತ್ತಿರುವ ನಮ್ಮ ಕಡೆಯ ಮಕ್ಕಳಿಗೆ, ಹೊಸದಾಗಿ ಡ್ಯೂಟಿಗೆ ಸೇರಿದ ವೈದ್ಯರಿಗೆ, ಮತ್ತು ಐಸಿಯು ಬಾಗಿಲ ಹೊರಗೆ ಕುಳಿತು ‘ಒಳಗೆ ಟಾರ್ಚು ಬಿಟ್ಟು ಏನು ನೋಡುತ್ತಾರೆ’ ಎಂದು ಯೋಚಿಸುವ ಮನೆಯವರಿಗೆ. ಮನೆಯವರು ಓದಿ ತಿಳಿದುಕೊಳ್ಳಲಿ, ಆದರೆ ಟಾರ್ಚಿನ ಪರೀಕ್ಷೆ ಬಿಟ್ಟು ಉಳಿದ ಯಾವುದನ್ನೂ ಮನೆಯಲ್ಲಿ ಮಾಡಿನೋಡಬಾರದು.

ಕಣ್ಣೇ ಯಾಕೆ?

ಮಿದುಳಿನ ಬುಡದಲ್ಲಿ, ಬೆನ್ನುಹುರಿ ಸೇರುವ ಕಡೆ, ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಕಾಂಡವಿದೆ. ಮೇಲಿನಿಂದ ಕೆಳಕ್ಕೆ ಮಧ್ಯಮಿದುಳು, ಪಾನ್ಸ್, ಮೆಡುಲ್ಲಾ. ಎಚ್ಚರ, ಉಸಿರು, ಎದೆಬಡಿತದ ಹದ, ನುಂಗುವುದು, ಕೆಮ್ಮುವುದು ಎಲ್ಲದರ ಸೂತ್ರ ಇಲ್ಲಿದೆ. ತಲೆಬುರುಡೆಯಿಂದ ಹೊರಡುವ 12 ಜೋಡಿ ನರಗಳಲ್ಲಿ 10 ಜೋಡಿ ಈ ಕಾಂಡದಿಂದಲೇ ಹೊರಡುತ್ತವೆ. ಅದನ್ನು ಕೈಯಿಂದ ಮುಟ್ಟಿ ನೋಡಲಾಗದು, ಸ್ಕ್ಯಾನ್ ಮಾಡಿದರೂ ಆಕಾರ ಕಾಣುತ್ತದೆಯೇ ಹೊರತು ಕೆಲಸ ನಡೆಯುತ್ತಿದೆಯೇ ಎಂಬುದು ಪೂರ್ತಿ ಕಾಣುವುದಿಲ್ಲ. ಕಣ್ಣಿನಲ್ಲಿ ಕಾಣುತ್ತದೆ. ಬೆಳಕಿಗೆ ಪಾಪೆ ಕಿರಿದಾಗುವ ದಾರಿ ಮಧ್ಯಮಿದುಳಿನಲ್ಲಿ ಹಾದುಹೋಗುತ್ತದೆ. ಕಣ್ಣು ಮುಟ್ಟಿದರೆ ರೆಪ್ಪೆ ಮುಚ್ಚುವ ದಾರಿ ಪಾನ್ಸ್‌ನಲ್ಲಿದೆ. ತಲೆ ತಿರುಗಿದಾಗ ಕಣ್ಣನ್ನು ನಿಂತಲ್ಲೇ ನಿಲ್ಲಿಸುವ ದಾರಿ ಪಾನ್ಸ್ ಮತ್ತು ಮೆಡುಲ್ಲಾ ಕೂಡುವ ಕಡೆಯಿಂದ ಮಧ್ಯಮಿದುಳಿನವರೆಗೆ ಉದ್ದಕ್ಕೂ ಏರುತ್ತದೆ. ಮೂರನ್ನೂ ನೋಡಿದರೆ ಕಾಂಡದ ಬಹುಪಾಲನ್ನು ಮಾತಾಡಿಸಿದಂತೆ.

ಟಾರ್ಚಿಗೂ ಮೊದಲಿನ ಕೆಲಸ

ಬೆರಳು ಚುಚ್ಚಿ ಸಕ್ಕರೆ ನೋಡಿ. ಪ್ರಜ್ಞೆ ತಪ್ಪಿದ ಯಾರಿಗೇ ಆಗಲಿ ಇದು ಮೊದಲು ಆಗಬೇಕು.

ನಂತರ ಮದ್ದಿನ ಪಟ್ಟಿ. ನಿದ್ದೆ ಬರಿಸುವ ಮಿಡಜೋಲಾಮ್, ನೋವಿಗೆ ಕೊಡುವ ಫೆಂಟನಿಲ್, ಮಾರ್ಫಿನ್ ಇವೆಯೇ? ವೆಂಟಿಲೇಟರಿಗೆ ಹಾಕುವಾಗ ಸ್ನಾಯು ಸಡಿಲಿಸುವ ಮದ್ದು ಕೊಟ್ಟಿದ್ದಾರೆಯೇ, ಎಷ್ಟು ಹೊತ್ತಿಗೆ? ಆ ಮದ್ದು ಮೈಯಲ್ಲಿ ಇರುವಷ್ಟು ಹೊತ್ತು ರೆಪ್ಪೆ ಮುಚ್ಚುವುದಿಲ್ಲ, ಕಣ್ಣು ಹೊರಳುವುದಿಲ್ಲ. ಪಾಪೆ ಮಾತ್ರ ಬೆಳಕಿಗೆ ಕಿರಿದಾಗುತ್ತಲೇ ಇರುತ್ತದೆ, ಯಾಕೆಂದರೆ ಅದನ್ನು ಆಡಿಸುವುದು ಬೇರೆ ಜಾತಿಯ ಸ್ನಾಯು. ಈ ಒಂದು ವ್ಯತ್ಯಾಸ ನೆನಪಿದ್ದರೆ ಎಷ್ಟೋ ಗಾಬರಿ ತಪ್ಪುತ್ತದೆ.

ಕಣ್ಣಿನ ಇತಿಹಾಸವನ್ನು ಮನೆಯವರ ಬಳಿ ಕೇಳಿ. ಪೊರೆಯ ಆಪರೇಷನ್ ಆಗಿದೆಯೇ? ನಮ್ಮಲ್ಲಿ ಅರವತ್ತು ದಾಟಿದವರಲ್ಲಿ ಬಹಳ ಮಂದಿಗೆ ಆಗಿರುತ್ತದೆ, ಅವರ ಪಾಪೆ ವಕ್ರವಾಗಿಯೋ ಜಡವಾಗಿಯೋ ಇರಬಹುದು. ಗ್ಲಾಕೋಮಾಕ್ಕೆ ಪೈಲೋಕಾರ್ಪಿನ್ ಹನಿ ಹಾಕುತ್ತಿದ್ದರೆ ಪಾಪೆ ಕಿರಿದು. ಕಣ್ಣಿನ ಡಾಕ್ಟರರು ನಿನ್ನೆ ಪಾಪೆ ಹಿಗ್ಗಿಸುವ ಹನಿ ಹಾಕಿದ್ದರೆ ದೊಡ್ಡದು. ದಮ್ಮಿಗೆ ಮಾಸ್ಕಿನಲ್ಲಿ ಇಪ್ರಟ್ರೋಪಿಯಂ ಕೊಡುವಾಗ ಮಾಸ್ಕು ಸಡಿಲವಾಗಿ ಹಬೆ ಒಂದು ಕಣ್ಣಿಗೆ ತಾಗಿದರೂ ಆ ಪಾಪೆ ಅರಳಿ ನಿಲ್ಲುತ್ತದೆ. ಉಮ್ಮತ್ತದ ಗಿಡ ಕಿತ್ತ ಕೈಯಲ್ಲಿ ಕಣ್ಣುಜ್ಜಿದರೂ ಅಷ್ಟೇ.

ಹಾವಿನ ಮಾತು ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ, ರಾತ್ರಿ ಕಡಂಬಳ ಕಚ್ಚಿದರೆ ಗಾಯ ಕಾಣುವುದಿಲ್ಲ, ಉರಿಯೂ ಇರುವುದಿಲ್ಲ. ಕಟ್ಟು ಹಾವು ಎಂದೂ ಹೇಳುತ್ತಾರೆ, ಮಲಯಾಳದವರು ವೆಳ್ಳಿಕ್ಕೆಟ್ಟನ್ ಅನ್ನುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ನುಂಗಲಾಗುವುದಿಲ್ಲ, ಉಸಿರು ಸೋಲುತ್ತದೆ. ಆಸ್ಪತ್ರೆಗೆ ತಲಪುವಾಗ ಕಣ್ಣುಗುಡ್ಡೆ ಅಲುಗಾಡದೆ, ಕೆಲವರಲ್ಲಿ ಪಾಪೆಯೂ ಹಿಗ್ಗಿ ಬೆಳಕಿಗೆ ಓಗೊಡದೆ ಇರುತ್ತದೆ. ನೋಡಿದವರಿಗೆ ಮಿದುಳು ಸತ್ತಂತೆಯೇ ಕಾಣುತ್ತದೆ. ಸತ್ತಿರುವುದಿಲ್ಲ. ವಿಷ ನರಕ್ಕೂ ಸ್ನಾಯುವಿಗೂ ನಡುವಿನ ಕೊಂಡಿಯನ್ನು ಕಡಿದಿರುತ್ತದೆ, ಮಿದುಳು ಒಳಗೆ ಎಚ್ಚರವಾಗಿರಬಹುದು. ಹಾವಿನ ವಿಷದ ಮದ್ದು ಕೊಟ್ಟು, ಉಸಿರಿಗೆ ಯಂತ್ರದ ಆಸರೆ ಕೊಟ್ಟರೆ ಕೆಲವು ದಿನಗಳಲ್ಲಿ ಎದ್ದು ಕೂರುತ್ತಾರೆ. ರಾತ್ರಿ ಚೆನ್ನಾಗಿದ್ದು ಮಲಗಿದವರು ಬೆಳಿಗ್ಗೆ ಹೀಗಾಗಿದ್ದರೆ, ಕಚ್ಚಿದ ಗುರುತು ಇರಲಿ ಬಿಡಲಿ, ಹಾವು ಎಂದೇ ಮೊದಲು ಯೋಚಿಸಿ.

ಮುಟ್ಟದೆ ನೋಡುವ ಒಂದು ನಿಮಿಷ

ಮಂಚದ ಪಕ್ಕ ಸುಮ್ಮನೆ ನಿಂತು ಕಣ್ಣು ಹೇಗಿದೆ ನೋಡಿ. ಕಣ್ಣುಗುಡ್ಡೆ ತಾನಾಗಿ ನಿಧಾನಕ್ಕೆ ಆಚೀಚೆ ತೇಲುತ್ತಿದ್ದರೆ ಅದು ಒಳ್ಳೆಯ ಸೂಚನೆ, ಕಾಂಡದ ದಾರಿ ತೆರೆದಿದೆ. ಎರಡೂ ಕಣ್ಣು ಒಂದೇ ಕಡೆಗೆ ವಾಲಿ ನಿಂತಿದ್ದರೆ ಯಾವ ಕೈಕಾಲು ಬಿದ್ದಿದೆ ನೋಡಿ. ಮೇಲಿನ ದೊಡ್ಡ ಮಿದುಳಿನಲ್ಲಿ ಪೆಟ್ಟಾದರೆ ಕಣ್ಣು ಬಿದ್ದ ಕೈಕಾಲಿಗೆ ಬೆನ್ನುಹಾಕಿ ಪೆಟ್ಟಾದ ಬದಿಗೆ ನೋಡುತ್ತದೆ, ಪಾನ್ಸ್‌ನಲ್ಲಿ ಪೆಟ್ಟಾದರೆ ಬಿದ್ದ ಕೈಕಾಲಿನ ಕಡೆಗೇ ನೋಡುತ್ತದೆ. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ನಿಂತಿದ್ದರೆ ಕಾಂಡದ ಮೇಲೆಯೇ ಸಂಶಯ.

ಇನ್ನು ಕರೆಯಿರಿ. ‘ಮೇಲೆ ನೋಡಿ.’ ತುಳುವಿನವರಿಗೆ ‘ಮಿತ್ತ್ ತೂಲೆ’, ಮಲಯಾಳದವರಿಗೆ ‘ಮೇಲೋಟ್ಟು ನೋಕ್ಕೂ’. ಭಾಷೆ ಬಾರದಿದ್ದರೆ ಹೊರಗೆ ಕುಳಿತ ಮನೆಯವರಲ್ಲಿ ಒಬ್ಬರನ್ನು ಒಳಗೆ ಕರೆಯಿರಿ. ಇದಕ್ಕೆ ಅನುಮತಿ ಕೇಳಬೇಕಾಗಿ ಬಂದರೆ ಕೇಳಿ, ಹಟ ಹಿಡಿಯಬೇಕಾಗಿ ಬಂದರೆ ಹಿಡಿಯಿರಿ.

ಪಾಪೆ

ಕೋಣೆಯ ಬೆಳಕು ಕಡಿಮೆ ಮಾಡಿ. ಕಿಟಕಿಯ ಪರದೆ ಎಳೆಯಿರಿ, ತಲೆಯ ಮೇಲಿನ ದೀಪ ಆರಿಸಿ. ಹಗಲು ಬೆಳಕಿನಲ್ಲಿ ಪಾಪೆ ಮೊದಲೇ ಕಿರಿದಾಗಿರುತ್ತದೆ, ಇನ್ನಷ್ಟು ಕಿರಿದಾದರೂ ಕಣ್ಣಿಗೆ ಕಾಣದು. ಎರಡೂ ರೆಪ್ಪೆಗಳನ್ನು ಮೆಲ್ಲಗೆ ಎತ್ತಿ, ಟಾರ್ಚು ಬಿಡುವ ಮೊದಲು ಅಳತೆ ನೋಡಿ. ಅಳತೆಗೆ ಮಿ.ಮೀ. ವೃತ್ತಗಳಿರುವ ಪಟ್ಟಿ ಬೇಕು, ಎಷ್ಟೋ ಪೆನ್ ಟಾರ್ಚುಗಳ ಮೈಮೇಲೆಯೇ ಅಚ್ಚಾಗಿರುತ್ತದೆ. ‘ನಾರ್ಮಲ್’, ‘ಚಿಕ್ಕದು’ ಎಂದೆಲ್ಲ ಬರೆಯುವುದು ಬೇಡ, ಅಂಕಿ ಬರೆಯಿರಿ. ಕಲಿಯುವ ಮಕ್ಕಳಿಗೆ ನಾನು ಅಡುಗೆಮನೆಯ ಲೆಕ್ಕ ಹೇಳುತ್ತೇನೆ: ಸಾಸಿವೆ ಕಾಳು ಸುಮಾರು 2 ಮಿ.ಮೀ., ಒಣಗಿದ ಒಳ್ಳೆಮೆಣಸಿನ ಕಾಳು 5 ಮಿ.ಮೀ. ಹತ್ತಿರ. ಒಳ್ಳೆ ಬೆಳಕಿನಲ್ಲಿ ಆರೋಗ್ಯವಂತರ ಪಾಪೆ 2ರಿಂದ 4 ಮಿ.ಮೀ. ಇರುತ್ತದೆ, ಕತ್ತಲಲ್ಲಿ 4ರಿಂದ 8.

ಟಾರ್ಚನ್ನು ಎದುರಿನಿಂದ ತರಬೇಡಿ, ಕಿವಿಯ ಕಡೆಯಿಂದ ತನ್ನಿ. ಬಲಗಣ್ಣಿಗೆ ಬೆಳಕು ಬಿಟ್ಟು ಮೂರು ಎಣಿಸುವಷ್ಟು ಹೊತ್ತು ಹಿಡಿದು ಬಲಗಣ್ಣನ್ನೇ ನೋಡಿ. ತೆಗೆಯಿರಿ, ಸ್ವಲ್ಪ ಕಾಯಿರಿ. ಮತ್ತೆ ಬಲಗಣ್ಣಿಗೇ ಬಿಡಿ, ಈ ಸಲ ಎಡಗಣ್ಣನ್ನು ನೋಡಿ. ಒಂದು ಕಣ್ಣಿಗೆ ಬಿದ್ದ ಬೆಳಕಿಗೆ ಎರಡೂ ಪಾಪೆ ಕಿರಿದಾಗಬೇಕು. ಹೀಗೆಯೇ ಎಡಗಡೆ. ಒಟ್ಟು ನಾಲ್ಕು ಉತ್ತರ ಸಿಗುತ್ತದೆ. ಬೆಳಕಿನ ಸುದ್ದಿಯನ್ನು ಒಯ್ಯುವುದು ದೃಷ್ಟಿನರ, ಆ 12 ಜೋಡಿಯಲ್ಲಿ ಎರಡನೆಯದು. ಕಿರಿದಾಗು ಎಂಬ ಆಜ್ಞೆ ತರುವುದು ಮೂರನೆಯ ನರ. ಬಲಗಣ್ಣಿಗೆ ಬಿಟ್ಟಾಗ ಎರಡೂ ಸುಮ್ಮನಿದ್ದು, ಎಡಗಣ್ಣಿಗೆ ಬಿಟ್ಟಾಗ ಎರಡೂ ಕಿರಿದಾದರೆ ಬಲಗಡೆಯ ದೃಷ್ಟಿನರದಲ್ಲಿ ತೊಂದರೆ. ಯಾವ ಕಣ್ಣಿಗೆ ಬಿಟ್ಟರೂ ಬಲ ಪಾಪೆ ಮಾತ್ರ ಕದಲದಿದ್ದರೆ ಬಲಗಡೆಯ ಮೂರನೆಯ ನರ.

ಟಾರ್ಚಿನ ಬಗ್ಗೆ ಎರಡು ಮಾತು. ಒಂದು ರಾತ್ರಿ ಪಾಳಿಯಲ್ಲಿ ನನ್ನ ಕೈಯಲ್ಲಿದ್ದದ್ದು ಸೆಲ್ ಇಳಿದು ಹಳದಿ ಬೆಳಕು ಬರುತ್ತಿದ್ದ ಟಾರ್ಚು. ತಲೆಗೆ ಪೆಟ್ಟಾದ ಹುಡುಗನ ಎರಡೂ ಪಾಪೆ ‘ಬೆಳಕಿಗೆ ಕದಲುವುದಿಲ್ಲ’ ಎಂದು ಬರೆದು ಡಾಕ್ಟರರಿಗೆ ಫೋನು ಮಾಡಿದೆ. ಅವರು ಓಡಿ ಬಂದು ತಮ್ಮ ಟಾರ್ಚು ಬಿಟ್ಟರು. ಪಾಪೆ ನಿಧಾನವಾಗಿ, ಬೆಲ್ಲ ಕರಗುವ ಹಾಗೆ, ಕಿರಿದಾಯಿತು. ಹೊರಗೆ ಕೂತಿದ್ದ ಅವನ ಅಪ್ಪನಿಗೆ ಆಗಲೇ ಯಾರೋ ‘ಕಣ್ಣು ಹೋಗಿದೆ’ ಎಂದು ಹೇಳಿಬಿಟ್ಟಿದ್ದರು. ಆ ಅಪ್ಪನ ಮುಖ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಪಾಳಿ ಶುರುವಾಗುವಾಗ ಟಾರ್ಚನ್ನು ನಿಮ್ಮದೇ ಅಂಗೈಗೆ ಬಿಟ್ಟು ನೋಡಿ. ಬೆಳಕು ಬಿಳಿಯಾಗಿ, ಚೂಪಾಗಿ ಬೀಳಬೇಕು. ಪಾಪೆ ಸಾಸಿವೆಗಿಂತ ಚಿಕ್ಕದಿದ್ದರೆ ಭೂತಗನ್ನಡಿ ಹಿಡಿದು ನೋಡಿ, ಬರಿಗಣ್ಣಿಗೆ ಕಾಣದ ಚಲನೆ ಅದರಲ್ಲಿ ಕಾಣುತ್ತದೆ.

ಅರ್ಥ ಮಾಡಿಕೊಳ್ಳುವಾಗ ಇಡೀ ಮನುಷ್ಯನನ್ನು ನೋಡಿ. ಎರಡು ಪಾಪೆಗಳ ನಡುವೆ 1 ಮಿ.ಮೀ.ವರೆಗಿನ ವ್ಯತ್ಯಾಸ ಸುಮಾರು ಐವರಲ್ಲಿ ಒಬ್ಬರಿಗೆ ಸಹಜವಾಗಿಯೇ ಇರುತ್ತದೆ. ಎಚ್ಚರವಾಗಿ ಮಾತಾಡುತ್ತಿರುವವರ ಒಂದು ಪಾಪೆ ದೊಡ್ಡದಿದ್ದರೆ ಹಳೆಯ ಫೋಟೋ ಕೇಳಿ. ಆದರೆ ತಲೆಗೆ ಪೆಟ್ಟಾಗಿ ಮಂಪರು ಏರುತ್ತಿರುವವರಲ್ಲಿ ಒಂದು ಪಾಪೆ ಹಿಗ್ಗತೊಡಗಿದರೆ ಒಂದು ನಿಮಿಷವೂ ಕಾಯುವಂತಿಲ್ಲ. ಒಳಗೆ ಬಾವು ಅಥವಾ ರಕ್ತ ಮಿದುಳನ್ನು ಕೆಳಕ್ಕೆ ತಳ್ಳಿ ಮೂರನೆಯ ನರವನ್ನು ಒತ್ತುತ್ತಿದೆ, ಬಹುಮಟ್ಟಿಗೆ ಅದೇ ಬದಿಯಲ್ಲಿ. ಎರಡೂ ಪಾಪೆ 4-5 ಮಿ.ಮೀ.ನಲ್ಲಿ ನಿಂತುಬಿಟ್ಟು ಬೆಳಕಿಗೆ ಓಗೊಡದಿದ್ದರೆ ಮಧ್ಯಮಿದುಳಿನ ಕಡೆ ನೋಡಬೇಕು. ಸಕ್ಕರೆ, ಉಪ್ಪು, ಮೂತ್ರಪಿಂಡ, ಪಿತ್ತಜನಕಾಂಗದ ಏರುಪೇರಿನಿಂದ ಪ್ರಜ್ಞೆ ತಪ್ಪಿದ್ದರೆ ಸಾಮಾನ್ಯವಾಗಿ ಪಾಪೆ ಕೊನೆಯವರೆಗೂ ಬೆಳಕಿಗೆ ಓಗೊಡುತ್ತದೆ.

ಸೂಜಿಮೊನೆಯಷ್ಟು ಚಿಕ್ಕ ಪಾಪೆಗೆ ನಮ್ಮ ಕಡೆ ಮೂರು ಕಾರಣ ಒಟ್ಟಿಗೇ ಹೊಳೆಯಬೇಕು: ಪಾನ್ಸ್‌ನಲ್ಲಿ ರಕ್ತಸ್ರಾವ, ಅಫೀಮು ಜಾತಿಯ ಮದ್ದು, ತೋಟಕ್ಕೆ ಹೊಡೆಯುವ ಆರ್ಗಾನೋಫಾಸ್ಫೇಟ್ ಕೀಟನಾಶಕ. ಕೊನೆಯದಾದರೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ, ಬಟ್ಟೆಯಲ್ಲಿ ವಾಸನೆ ಇರುತ್ತದೆ. ಚಿಕಿತ್ಸೆಗೆ ಅಟ್ರೋಪಿನ್ ಕೊಟ್ಟ ಮೇಲೆ ಅದೇ ಪಾಪೆ ಅರಳುತ್ತದೆ, ಆ ಹಿಗ್ಗಿದ ಪಾಪೆಯನ್ನು ಕಂಡು ಮಿದುಳು ಹೋಯಿತು ಅಂದುಕೊಳ್ಳಬಾರದು. ಎಲ್ಲ ಕೀಟನಾಶಕವೂ ಒಂದೇ ಅಲ್ಲ. ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿ ಎಣ್ಮಕಜೆಯಂಥ ಊರುಗಳಿಗೆ ಮಾಯದ ಗಾಯ ಮಾಡಿದ ಎಂಡೋಸಲ್ಫಾನ್ ಆರ್ಗಾನೋಕ್ಲೋರಿನ್ ಜಾತಿಯದು, ಅದರ ವಿಷ ಏರಿದರೆ ಬರುವುದು ಅಪಸ್ಮಾರದ ಸೆಳವು, ಸೂಜಿಮೊನೆಯ ಪಾಪೆಯಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಮನೆಯವರು ‘ಮದ್ದು ಕುಡಿದಿದ್ದಾರೆ’ ಎಂದಷ್ಟೇ ಹೇಳಿದರೆ ಸಾಲದು, ಬಾಟಲಿಯನ್ನೇ ತರಲಿ.

ಕಾರ್ನಿಯಾ

ಕಾರ್ನಿಯಾ ಅಂದರೆ ಕರಿಗುಡ್ಡೆಯನ್ನು ಮುಚ್ಚಿರುವ ಪಾರದರ್ಶಕ ಪದರ. ಹತ್ತಿಯ ತುದಿಯನ್ನು ಬತ್ತಿ ಹೊಸೆದ ಹಾಗೆ ಎಳೆದು ನೂಲಿನಷ್ಟು ತೆಳ್ಳಗೆ ಮಾಡಿ. ಬದಿಯಿಂದ ತಂದು, ಕರಿಗುಡ್ಡೆಯ ಅಂಚನ್ನು ಮೆಲ್ಲಗೆ ಮುಟ್ಟಿ. ಎದುರಿನಿಂದ ತಂದರೆ ಕಣ್ಣು ಕಂಡೇ ರೆಪ್ಪೆ ಬಡಿಯುತ್ತದೆ, ಅದು ಬೇರೆ ಪರೀಕ್ಷೆಯಾಯಿತು. ಬಿಳಿಗುಡ್ಡೆಯನ್ನು ಮುಟ್ಟಿ ‘ಇಲ್ಲ’ ಎಂದು ಬರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ದಿನಕ್ಕೆ ಹಲವು ಸಲ ನೋಡಬೇಕಾದಲ್ಲಿ ಹತ್ತಿಯ ಬದಲು ಎರಡು ಹನಿ ಸಲೈನ್ ಬೀಳಿಸಿ, ಕಾರ್ನಿಯಾ ಗೀರಿ ಹುಣ್ಣಾಗುವುದು ತಪ್ಪುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲು ತೆಗೆಯಿರಿ.

ಮುಟ್ಟಿದ್ದು ತಿಳಿಯುವುದು ಐದನೆಯ ನರದಿಂದ, ರೆಪ್ಪೆ ಮುಚ್ಚುವುದು ಏಳನೆಯದರಿಂದ, ನಡುವಿನ ಕೊಂಡಿ ಪಾನ್ಸ್. ಇಲ್ಲೂ ಒಂದನ್ನು ಮುಟ್ಟಿದರೆ ಎರಡೂ ಮುಚ್ಚಬೇಕು. ಬಲಗಣ್ಣು ಮುಟ್ಟಿದಾಗ ಎಡಗಣ್ಣು ಮಾತ್ರ ಮುಚ್ಚಿದರೆ ಬಲಗಡೆ ಮುಖದ ಸ್ನಾಯು ಸೋತಿದೆ, ಸ್ಪರ್ಶ ಸರಿಯಿದೆ.

ಗೊಂಬೆ ಕಣ್ಣು

ಇದನ್ನು ಓದುತ್ತಿರುವಾಗಲೇ ಒಂದು ಕೆಲಸ ಮಾಡಿ. ಕೈಯಲ್ಲಿರುವ ಫೋನನ್ನು ಅಲುಗಿಸದೆ, ತಲೆಯನ್ನು ಬೇಗಬೇಗ ‘ಬೇಡ’ ಎನ್ನುವಂತೆ ಅಲ್ಲಾಡಿಸುತ್ತ ಈ ಸಾಲು ಓದಿ. ಓದಲಾಗುತ್ತದೆ. ಈಗ ತಲೆ ನಿಲ್ಲಿಸಿ ಫೋನನ್ನು ಅಷ್ಟೇ ವೇಗವಾಗಿ ಅಲ್ಲಾಡಿಸಿ. ಅಕ್ಷರ ಕಲಸಿಹೋಗುತ್ತದೆ. ತಲೆ ತಿರುಗಿದಷ್ಟೂ ಕಣ್ಣನ್ನು ಎದುರು ದಿಕ್ಕಿಗೆ ಹೊರಳಿಸಿ ನೋಟವನ್ನು ಹಿಡಿದು ನಿಲ್ಲಿಸುವುದು ಒಳಕಿವಿಯಿಂದ ಎಂಟನೆಯ ನರದ ಮೂಲಕ ಕಾಂಡಕ್ಕೆ ಹೋಗಿ, ಅಲ್ಲಿಂದ ಆರನೆಯ ಮತ್ತು ಮೂರನೆಯ ನರಗಳ ಮೂಲಕ ಕಣ್ಣಿಗೆ ಬರುವ ಸುದ್ದಿ. ಪ್ರಜ್ಞೆಯಿಲ್ಲದವರಲ್ಲಿ ನಾವು ಹುಡುಕುವುದು ಇದನ್ನೇ.

ಆದರೆ ಕುತ್ತಿಗೆಗೆ ಪೆಟ್ಟಾಗಿರುವ ಸಂಶಯ ಒಂದು ಎಳೆಯಷ್ಟಿದ್ದರೂ ತಲೆ ತಿರುಗಿಸಬಾರದು. ಅಡಿಕೆ ಮರದಿಂದ ಬಿದ್ದವರು, ತೋಟಕ್ಕೆ ಮದ್ದು ಬಿಡಲು ಮರ ಹತ್ತಿ ಕೈಜಾರಿದವರು, ತೆಂಗಿನ ಮರದಿಂದ ಬಿದ್ದವರು, ಹೆದ್ದಾರಿಯಲ್ಲಿ ಬೈಕಿನಿಂದ ಎಸೆಯಲ್ಪಟ್ಟವರು ಇವರೆಲ್ಲರ ಕುತ್ತಿಗೆಯೂ ಮುರಿದಿದೆ ಎಂದೇ ತಿಳಿಯಬೇಕು, ಸ್ಕ್ಯಾನ್ ನೋಡಿ ವೈದ್ಯರು ಇಲ್ಲ ಎನ್ನುವವರೆಗೆ. ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಬರುವ ರೋಗಿಗಳಲ್ಲಿ ಇಂಥವರು ಎಷ್ಟೋ ಮಂದಿ. ಪಾಪೆ ಮತ್ತು ಕಾರ್ನಿಯಾ ನೋಡಲು ಕುತ್ತಿಗೆ ಅಲುಗಿಸಬೇಕಾಗಿಲ್ಲ, ಅಷ್ಟಕ್ಕೆ ನಿಲ್ಲಿಸಿ.

ಕುತ್ತಿಗೆ ಸರಿಯಿದ್ದರೆ: ಒಬ್ಬರು ಉಸಿರಿನ ಕೊಳವೆ ಹಿಡಿದುಕೊಳ್ಳಲಿ. ಇನ್ನೊಬ್ಬರು ಹೆಬ್ಬೆರಳುಗಳಿಂದ ರೆಪ್ಪೆ ಎತ್ತಿಹಿಡಿದು, ತಲೆಯನ್ನು ಚುರುಕಾಗಿ ಒಂದು ಬದಿಗೆ ತಿರುಗಿಸಿ, ಅಲ್ಲಿಯೇ ನಿಲ್ಲಿಸಿ ನೋಡಲಿ. ಕಾಂಡ ಕೆಲಸ ಮಾಡುತ್ತಿದ್ದರೆ ಬಲಕ್ಕೆ ತಿರುಗಿಸಿದಾಗ ಕಣ್ಣು ಎಡಕ್ಕೆ ಸರಿದು, ಮೊದಲು ಯಾವ ಮೂಲೆ ನೋಡುತ್ತಿತ್ತೋ ಅದನ್ನೇ ನೋಡುತ್ತಿರುತ್ತದೆ. ಕೆಲಸ ಮಾಡದಿದ್ದರೆ ಬಣ್ಣ ಬಳಿದ ಕಣ್ಣಿನ ಹಾಗೆ ತಲೆಯ ಜೊತೆಯಲ್ಲೇ ಹೋಗುತ್ತದೆ. ‘ಗೊಂಬೆ ಕಣ್ಣು ಪಾಸಿಟಿವ್’ ಎಂದು ಯಾರೂ ಬರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರು ಅದನ್ನು ಒಳ್ಳೆಯದೆಂದು ಓದುತ್ತಾರೆ, ಇನ್ನೊಬ್ಬರು ಕೆಟ್ಟದೆಂದು. ‘ತಲೆ ಬಲಕ್ಕೆ ತಿರುಗಿಸಿದಾಗ ಎರಡೂ ಕಣ್ಣು ಎಡಕ್ಕೆ ಸರಿದವು’ ಎಂದು ಕಂಡದ್ದನ್ನೇ ಬರೆದರೆ ಗೊಂದಲವಿಲ್ಲ. ಎಚ್ಚರವಾಗಿರುವವರಿಗೆ ಈ ಪರೀಕ್ಷೆ ಮಾಡಬೇಡಿ, ಅವರು ಬೇಕಾದ ಕಡೆ ನೋಡುತ್ತಾರೆ, ಉತ್ತರ ಸಿಗದು.

ಕಿವಿಗೆ ಮಂಜುನೀರು

ಇದು ವೈದ್ಯರು ಮಾಡುವ ಪರೀಕ್ಷೆ, ನಾವು ಸಿದ್ಧಮಾಡಿ ಕೊಡುವವರು. ತಲೆ ತಿರುಗಿಸಿ ಉತ್ತರ ಸಿಗದಿದ್ದಾಗ, ಅಥವಾ ತಿರುಗಿಸುವಂತಿಲ್ಲದಿದ್ದಾಗ, ಒಳಕಿವಿಯನ್ನು ತಣ್ಣೀರಿನಿಂದ ಕೆರಳಿಸಿ ಅದೇ ದಾರಿಯನ್ನು ಪರೀಕ್ಷಿಸುತ್ತಾರೆ. ಕಿವಿ ತೊಳೆಯುವ ನೀರು ತಣ್ಣಗಿದ್ದರೂ ಬಿಸಿಯಿದ್ದರೂ ರೋಗಿಗೆ ತಲೆಸುತ್ತಿ ಕಣ್ಣು ಕುಣಿಯುವುದನ್ನು ಗಮನಿಸಿ ಅದರ ಕಾರಣ ಬಿಡಿಸಿದವರು ವಿಯೆನ್ನಾದ ಕಿವಿವೈದ್ಯ ರಾಬರ್ಟ್ ಬಾರಾನಿ. ಒಳಕಿವಿಯ ಮೇಲಿನ ಕೆಲಸಕ್ಕೆ 1914ರ ನೊಬೆಲ್ ಅವರಿಗೆ ಬಂತು.

ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಬೇಕು. ತಮಟೆ ಹರಿದಿದ್ದರೆ ನೀರು ಬಿಡುವಂತಿಲ್ಲ. ಗುಗ್ಗೆ ಕಟ್ಟಿಕೊಂಡಿದ್ದರೆ ನೀರು ಒಳಗೆ ತಲಪುವುದೇ ಇಲ್ಲ, ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಕಿವಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸವಿರುವ ನಮ್ಮ ಹಿರಿಯರಲ್ಲಿ ಇದನ್ನು ಮರೆಯದೆ ನೋಡಿ. ಮಂಚದ ತಲೆದೆಸೆಯನ್ನು 30 ಡಿಗ್ರಿ ಏರಿಸಿ. ಮಂಜುಗಡ್ಡೆ ಹಾಕಿದ ನೀರು 50 ಮಿ.ಲೀ., ಸಿರಿಂಜಿಗೆ ಮೆತ್ತಗಿನ ಕೊಳವೆ, ಕೆಳಗೆ ಬಟ್ಟಲು, ರೆಪ್ಪೆ ಎತ್ತಿಹಿಡಿಯಲು ಒಬ್ಬರು. ನೀರು ಬಿಟ್ಟು ಒಂದು ನಿಮಿಷ ಕಣ್ಣು ಕೀಳದೆ ನೋಡಬೇಕು. ಪ್ರಜ್ಞೆಯಿಲ್ಲದೆ ಕಾಂಡ ಮಾತ್ರ ಉಳಿದವರಲ್ಲಿ ಎರಡೂ ಕಣ್ಣು ನೀರು ಬಿಟ್ಟ ಕಿವಿಯ ಕಡೆಗೆ ನಿಧಾನವಾಗಿ ವಾಲುತ್ತವೆ. ಇನ್ನೊಂದು ಕಿವಿಗೆ ಬಿಡುವ ಮೊದಲು 5 ನಿಮಿಷ ಬಿಡುವು. ಎಚ್ಚರವಿರುವವರಿಗೆ ಇಷ್ಟು ತಣ್ಣೀರು ಬಿಟ್ಟರೆ ವಾಂತಿ, ಸಂಕಟ. ಪ್ರಜ್ಞೆಯಿಲ್ಲವೆಂದು ಖಾತ್ರಿಯಾಗದೆ ಯಾರಿಗೂ ಮಾಡಬಾರದು.

ಎಚ್ಚರವಿದ್ದು ತಲೆ ಸುತ್ತುತ್ತಿರುವವರು

ಎಲ್ಲ ಕಾಂಡದ ಪೆಟ್ಟೂ ಪ್ರಜ್ಞೆ ತಪ್ಪಿಸುವುದಿಲ್ಲ. ‘ಪಿತ್ತ ಏರಿದೆ’ ಎಂದು ಮಲಗಿಸಿದವರಲ್ಲಿ ಕೆಲವರದು ಮಿದುಳಿನ ಹಿಂಭಾಗದ ಪಾರ್ಶ್ವವಾಯು. ಗಂಟೆಗಟ್ಟಲೆ ಬಿಡದೆ ತಲೆಸುತ್ತಿ, ಕಣ್ಣು ತಾನಾಗಿ ಕುಣಿಯುತ್ತಿದ್ದರೆ ತರಬೇತಾದ ವೈದ್ಯರು ಮೂರು ನೋಡುತ್ತಾರೆ. ತಮ್ಮ ಮೂಗನ್ನೇ ನೋಡಲು ಹೇಳಿ ರೋಗಿಯ ತಲೆಯನ್ನು ಸ್ವಲ್ಪವೇ, ಥಟ್ಟನೆ ತಿರುಗಿಸುತ್ತಾರೆ. ಕಣ್ಣು ಜಾರಿ ಮತ್ತೆ ಹಾರಿ ಮೂಗಿಗೆ ಬಂದರೆ ದೋಷ ಒಳಕಿವಿಯಲ್ಲಿ. ಜಾರದೆ ನಿಂತರೆ, ಕೇಳಲು ವಿಚಿತ್ರವಾದರೂ, ಅದೇ ಅಪಾಯದ ಸೂಚನೆ: ಒಳಕಿವಿ ಸರಿಯಿದೆ, ತಲೆಸುತ್ತು ಮಿದುಳಿನದು. ಕಣ್ಣಿನ ಕುಣಿತ ನೋಡುವ ದಿಕ್ಕಿಗೆ ತಕ್ಕಂತೆ ದಿಕ್ಕು ಬದಲಿಸಿದರೆ, ಒಂದೊಂದೇ ಕಣ್ಣು ಮುಚ್ಚಿ ತೆರೆಯುವಾಗ ಕಣ್ಣು ಮೇಲೆ ಕೆಳಗೆ ಸರಿದರೆ, ಅವೂ ಮಿದುಳಿನ ಕಡೆ ಕೈತೋರಿಸುತ್ತವೆ. ಬಂದು ಹೋಗುವ ತಲೆಸುತ್ತಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಮನೆಯವರು ನೆನಪಿಡಬೇಕಾದ್ದು ಇಷ್ಟೇ: ತಲೆಸುತ್ತಿನ ಜೊತೆ ಎರಡೆರಡು ಕಾಣುವುದು, ನಾಲಿಗೆ ತೊದಲುವುದು, ನಿಲ್ಲಲಾಗದಿರುವುದು, ಮುಖ ಸೊಟ್ಟಗಾಗುವುದು ಇದ್ದರೆ ಕಷಾಯ ಮಾಡುತ್ತ ಕೂರದೆ 108ಕ್ಕೆ ಫೋನು ಮಾಡಿ.

ಎಲ್ಲಕ್ಕೂ ‘ಇಲ್ಲ’ ಎಂದೇ ಬಂದರೆ

ಕಣ್ಣಿನ ಪ್ರತಿವರ್ತನೆಗಳೊಂದೇ ನೋಡಿ ಯಾರನ್ನೂ ಸತ್ತರೆಂದು ಹೇಳುವಂತಿಲ್ಲ. ಕಾರಣ ಗೊತ್ತಿರಬೇಕು, ಮದ್ದು, ವಿಷ, ಮೈ ತಣ್ಣಗಾದದ್ದು, ಹಾವು ಯಾವುದೂ ಅಲ್ಲವೆಂದು ಖಚಿತವಾಗಿರಬೇಕು. ಕೆಮ್ಮು, ಓಕರಿಕೆಯ ಪ್ರತಿವರ್ತನೆ ಇಲ್ಲದಿರಬೇಕು. ಯಂತ್ರ ತೆಗೆದು ಆಮ್ಲಜನಕ ಕೊಡುತ್ತಲೇ ಕಾದಾಗ, ರಕ್ತದಲ್ಲಿ ಇಂಗಾಲಾಮ್ಲ ಏರಿದರೂ ಉಸಿರು ಎಳೆಯದಿರಬೇಕು. ಅಂಗಾಂಗ ಕಸಿಯ 1994ರ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಈ ಎಲ್ಲವನ್ನೂ ಎರಡು ಸಲ, ಕನಿಷ್ಠ 6 ಗಂಟೆಯ ಅಂತರದಲ್ಲಿ ನೋಡಿ ಸಹಿ ಹಾಕಬೇಕು. ಕಾಸರಗೋಡಿನವರಾದರೂ ಮಂಗಳೂರಿನ ಆಸ್ಪತ್ರೆಯಲ್ಲಿದ್ದರೆ ಅಂಗದಾನದ ವ್ಯವಸ್ಥೆ ಕರ್ನಾಟಕದ ಜೀವಸಾರ್ಥಕತೆಯದು, ಕೇರಳದ ಆಸ್ಪತ್ರೆಯಾದರೆ ಮೃತಸಂಜೀವನಿಯದು.

ಮನೆಯವರಿಗೆ ಹೇಳುವ ಪದದ ಬಗ್ಗೆ ನನಗೆ ಬಹಳ ವರ್ಷದ ಸಂಕಟವಿದೆ. ಕನ್ನಡ ಪತ್ರಿಕೆಗಳು ‘ಮಿದುಳು ನಿಷ್ಕ್ರಿಯ’ ಎಂದು ಬರೆಯುತ್ತವೆ. ನಿಷ್ಕ್ರಿಯವಾದದ್ದು ಮತ್ತೆ ಸಕ್ರಿಯವಾಗಬಹುದಲ್ಲ ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದಾಳೆ, ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ಪದದಲ್ಲಿತ್ತು. ಪಕ್ಕದ ಮಲಯಾಳ ಪತ್ರಿಕೆ ಅದನ್ನೇ ‘ಮಸ್ತಿಷ್ಕ ಮರಣಂ’ ಅನ್ನುತ್ತದೆ. ನಾನೂ ‘ಮಿದುಳು ಸಾವು’ ಎಂದೇ ಹೇಳುತ್ತೇನೆ, ಕೋಮಾ ಅದಲ್ಲ ಎಂದು ಬಿಡಿಸಿ ಹೇಳುತ್ತೇನೆ. ಆಮೇಲೂ ಬೆನ್ನುಹುರಿಯ ಪ್ರತಿವರ್ತನೆಯಿಂದ ಕೈಯೋ ಕಾಲೋ ಅಲುಗಬಹುದು ಎಂಬುದನ್ನು ಮೊದಲೇ ಹೇಳಿಡುತ್ತೇನೆ. ಹೇಳದೆ ಬಿಟ್ಟರೆ, ಮಗನ ಬೆರಳು ಅಲುಗಿದ್ದನ್ನು ಕಂಡ ತಾಯಿಯ ಮುಂದೆ ಯಾವ ಮಾತೂ ನಿಲ್ಲುವುದಿಲ್ಲ.

ಕಾಗದದಲ್ಲಿ ಏನಿರಬೇಕು

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಕೋವಿಡ್ ಹೊತ್ತಿಗೆ, 2020ರ ಮಾರ್ಚಿನಲ್ಲಿ, ರಾಜ್ಯದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದನ್ನು ಕಂಡವರಿಗೆ ಅದು ಎಷ್ಟು ದೂರವಾಗಬಲ್ಲದು ಎಂದು ಗೊತ್ತು. ದಾರಿಯಲ್ಲಿ ಪಾಪೆ ಬದಲಾದರೆ ಅದು ಬದಲಾದದ್ದು ಎಂದು ಅಲ್ಲಿನವರಿಗೆ ತಿಳಿಯುವುದು ನೀವು ಹೊರಡುವಾಗ ಬರೆದ ಅಂಕಿಯಿಂದ ಮಾತ್ರ. ಗಂಟೆ ಮತ್ತು ನಿಮಿಷ ಹಾಕಿ ಹೀಗೆ ಬರೆಯಿರಿ: ‘ರಾತ್ರಿ 9.40. ಬಲ 4 ಇದ್ದದ್ದು ಬೆಳಕಿಗೆ 2, ಚುರುಕು. ಎಡ 4 ಇದ್ದದ್ದು 3, ನಿಧಾನ. ಕಾರ್ನಿಯಾ ಎರಡೂ ಕಡೆ ಇದೆ. ತಲೆ ತಿರುಗಿಸಿಲ್ಲ, ಮರದಿಂದ ಬಿದ್ದವರು. ತುಳುವಿನಲ್ಲಿ ಕರೆದಾಗ ಕಣ್ಣು ತೆರೆದರು.’ ನೋಡದಿದ್ದನ್ನು ‘ನೋಡಿಲ್ಲ’ ಎಂದು ಬರೆಯಿರಿ, ‘ಇಲ್ಲ’ ಎಂದಲ್ಲ. ನಿದ್ದೆಯ ಮದ್ದು, ಸ್ನಾಯು ಸಡಿಲಿಸುವ ಮದ್ದು, ಅಟ್ರೋಪಿನ್ ಕೊಟ್ಟಿದ್ದರೆ ಎಷ್ಟು, ಯಾವಾಗ ಎಂದು ಅದೇ ಕಾಗದದಲ್ಲಿ ಇರಲಿ. ಕಣ್ಣಿಗೆ ಹನಿ ಹಾಕಿದ್ದರೆ ಯಾವ ಕಣ್ಣಿಗೆ ಎಂಬುದನ್ನು ಕಾಗದದಲ್ಲಿ ಬರೆದು, ಅದೇ ಕಣ್ಣಿನ ಮೇಲ್ಗಡೆ ಹಣೆಗೆ ಪ್ಲಾಸ್ಟರ್ ಅಂಟಿಸಿ ಅದರ ಮೇಲೂ ಬರೆದು ಕಳಿಸಿ.